ಕಾದ ಲ್ಯಾಪ್‌ಟಾಪ್: ಸ್ಕ್ರೂ ಬಿಚ್ಚುವ ಮೊದಲು ಅಳೆದು ನೋಡಿ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕಪತ್ರಕ್ಕೆಂದು ಇಟ್ಟಿದ್ದ ಲ್ಯಾಪ್‌ಟಾಪ್ ಒಂದು ಏಪ್ರಿಲ್ ತಿಂಗಳಲ್ಲಿ ನನ್ನ ಮೇಜಿಗೆ ಬಂತು. "ಬೆಳಿಗ್ಗೆ ಕುದುರೆ ಸಾರ್, ಊಟದ ಹೊತ್ತಿಗೆ ಕತ್ತೆ" ಎಂದು ಮಂಡಿಯ ಯಜಮಾನರು ರೋಗಲಕ್ಷಣವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಅದಕ್ಕೂ ಮೊದಲು ಒಬ್ಬರು ಅದರ ರ‍್ಯಾಮ್ ಹೆಚ್ಚಿಸಿ ಹಣ ಪಡೆದಿದ್ದರು, ಇನ್ನೊಬ್ಬರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಟ್ಟಿದ್ದರು. ಇಬ್ಬರಲ್ಲಿ ಒಬ್ಬರೂ ಅದರ ಉಷ್ಣತೆ ಎಷ್ಟಿದೆಯೆಂದು ನೋಡಿರಲಿಲ್ಲ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕೆಡುವ ಯಂತ್ರದಲ್ಲಿ ಮೊದಲು ಅನುಮಾನಿಸಬೇಕಾದದ್ದು ಬಿಸಿಯನ್ನು. ಆದರೆ ಅನುಮಾನದ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದೂ ಅಷ್ಟೇ ತಪ್ಪು. ಈ ಲೇಖನದಲ್ಲಿ ಹೇಳಿರುವ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ ಹೋದರೆ, ಎಷ್ಟೋ ಯಂತ್ರಗಳು ಬಿಚ್ಚುವ ಮೊದಲೇ ಸರಿಯಾಗುತ್ತವೆ.

ಥ್ರಾಟ್ಲಿಂಗ್ ಎಂದರೇನು

ಲ್ಯಾಪ್‌ಟಾಪ್‌ನ ಮುಖ್ಯ ಚಿಪ್ ಆದ ಪ್ರೊಸೆಸರ್‌ನ ಒಳಗೇ ಉಷ್ಣತೆ ಅಳೆಯುವ ಸೆನ್ಸರ್‌ಗಳಿರುತ್ತವೆ. ಎಷ್ಟರವರೆಗೆ ಕಾಯಬಹುದೆಂಬ ಮಿತಿಯನ್ನು ತಯಾರಕರೇ ಗೊತ್ತುಮಾಡಿರುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ಬರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅನೇಕವಕ್ಕೆ ಅದು 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ಹಲವು ಪ್ರೊಸೆಸರ್‌ಗಳಿಗೆ 95ರಿಂದ 105ರ ನಡುವೆ. ಈ ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಇದನ್ನೇ ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಹುಟ್ಟುವ ಶಾಖವು ವೇಗಕ್ಕೆ ತಕ್ಕಂತೆ ಮಾತ್ರವಲ್ಲದೆ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆಯೂ ಏರುವುದರಿಂದ, ವೇಗವನ್ನು ಸ್ವಲ್ಪ ತಗ್ಗಿಸಿದರೂ ಬಿಸಿ ಗಣನೀಯವಾಗಿ ತಗ್ಗುತ್ತದೆ. ಅಷ್ಟಾದರೂ ಉಷ್ಣತೆ ಏರುತ್ತಲೇ ಹೋದರೆ ಯಂತ್ರವು ಯಾವ ಸೂಚನೆಯೂ ಇಲ್ಲದೆ ಆಫ್ ಆಗಿಬಿಡುತ್ತದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಮಂಡಿಯ ಲ್ಯಾಪ್‌ಟಾಪ್‌ನಲ್ಲಿದ್ದದ್ದು 2017ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಕೋರ್ ಐ5-8250ಯು. ಅದರ ಮೂಲ ವೇಗ 1.6 ಗಿಗಾಹರ್ಟ್ಸ್, ಟರ್ಬೊ ವೇಗ, ಅಂದರೆ ಸ್ವಲ್ಪ ಹೊತ್ತಿಗೆ ಮುಟ್ಟಬಹುದಾದ ಗರಿಷ್ಠ ವೇಗ, 3.4 ಗಿಗಾಹರ್ಟ್ಸ್, ವಿನ್ಯಾಸದ ಪ್ರಕಾರ ನಿರಂತರ ಶಾಖ 15 ವ್ಯಾಟ್. ಭಾರವಾದ ಕೆಲಸ ಕೊಟ್ಟಾಗ ಇಂಥ ಪ್ರೊಸೆಸರ್ ಅರ್ಧ ನಿಮಿಷದಷ್ಟು ಹೊತ್ತು ಟರ್ಬೊದಲ್ಲಿ ಓಡಿ, ಆಮೇಲೆ ತನಗೆ ನಿಗದಿಯಾದ ವ್ಯಾಟ್‌ಗಳೊಳಗೆ ಇರಲು ವೇಗವನ್ನು ಇಳಿಸಿಕೊಳ್ಳುತ್ತದೆ. ಅದು ವಿನ್ಯಾಸವೇ ಹೊರತು ದೋಷವಲ್ಲ. ಮೂಲ ವೇಗಕ್ಕಿಂತಲೂ ಕೆಳಗೆ ಬಿದ್ದು ಅಲ್ಲಿಯೇ ತೆವಳುತ್ತಿದ್ದರೆ ಮಾತ್ರ ಚಿಂತಿಸಬೇಕು.

ಮೊದಲ ಹೆಜ್ಜೆ: ಅಳತೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್ ಈಗ ಓಡುತ್ತಿರುವ ವೇಗ ಕಾಣುತ್ತದೆ, ಆದರೆ ಅದರ ಉಷ್ಣತೆ ಕಾಣುವುದಿಲ್ಲ. ಉಷ್ಣತೆಗೆ ಎಚ್‌ಡಬ್ಲ್ಯೂ ಇನ್ಫೋ (HWiNFO) ಎಂಬ ಉಚಿತ ತಂತ್ರಾಂಶವನ್ನು ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಂಡು, ಸೆನ್ಸರ್‌ಗಳನ್ನು ಮಾತ್ರ ತೋರಿಸುವ ಆಯ್ಕೆಯೊಂದಿಗೆ ತೆರೆಯಿರಿ. ಪ್ರತಿ ಸೆನ್ಸರ್‌ನ ಈಗಿನ, ಕನಿಷ್ಠ ಮತ್ತು ಗರಿಷ್ಠ ಅಂಕಿಗಳು ಸಾಲಾಗಿ ಬರುತ್ತವೆ. ಇಂಟೆಲ್ ಯಂತ್ರಗಳಲ್ಲಿ ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲೂ ಇದ್ದು, ಅದರ ಮುಂದೆ 'ಯೆಸ್' ಎಂದಿದ್ದರೆ ಪ್ರೊಸೆಸರ್ ಬಿಸಿಗೆ ಮಣಿದಿದೆ ಎಂದರ್ಥ. ಇದಲ್ಲದೆ ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪ್ರೊಸೆಸರ್ ಪವರ್ ಹೆಸರಿನಲ್ಲಿ 37ನೇ ಸಂಖ್ಯೆಯ ಎಚ್ಚರಿಕೆಗಳು ಸಾಲುಗಟ್ಟಿದ್ದರೆ, ಯಂತ್ರದ ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಪ್ರೊಸೆಸರ್‌ನ ವೇಗವನ್ನು ತಡೆದು ಹಿಡಿದಿದೆ ಎಂದು ತಿಳಿಯಬೇಕು. ಲಿನಕ್ಸ್ ಬಳಸುವವರಿಗೆ ಎಲ್‌ಎಂ-ಸೆನ್ಸರ್ಸ್ ಎಂಬ ತಂತ್ರಾಂಶ ಸಾಕು.

ಯಂತ್ರವನ್ನು ಸುಮ್ಮನೆ ಬಿಟ್ಟು ಹತ್ತು ನಿಮಿಷ, ಅನಂತರ ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನಿಬೆಂಚ್‌ನಂಥ ಪರೀಕ್ಷೆ ಓಡಿಸಿ ಹತ್ತು ನಿಮಿಷ ನೋಡಿ. ಒಂದು ಕಾಗದದಲ್ಲಿ ಕೋಣೆಯ ಉಷ್ಣತೆ, ಸುಮ್ಮನಿದ್ದಾಗಿನ ಉಷ್ಣತೆ, ಗರಿಷ್ಠ ಉಷ್ಣತೆ ಮತ್ತು ಹತ್ತನೆಯ ನಿಮಿಷದ ವೇಗ ಇಷ್ಟನ್ನು ಬರೆದಿಡಿ. ಈ ಕಾಗದವಿಲ್ಲದಿದ್ದರೆ ಮುಂದೆ ಮಾಡುವ ಯಾವ ಕೆಲಸದಿಂದ ಎಷ್ಟು ಪ್ರಯೋಜನವಾಯಿತೆಂದು ಹೇಳಲು ಬರುವುದಿಲ್ಲ.

ಅಂಕಿಗಳನ್ನು ಓದುವ ಬಗೆ ಹೀಗೆ. ಉಷ್ಣತೆ ಮಿತಿಯ ಹತ್ತಿರವಿದ್ದು ವೇಗ ಮೂಲ ವೇಗಕ್ಕಿಂತ ಕೆಳಗಿದ್ದರೆ, ಅದು ನಿಜವಾದ ಬಿಸಿಯ ತೊಂದರೆ. ಉಷ್ಣತೆ 50 ಅಥವಾ 55ರಲ್ಲಿದ್ದರೂ ವೇಗ 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡು ಏಳದಿದ್ದರೆ, ಅದು ಬಹುಮಟ್ಟಿಗೆ ಚಾರ್ಜರ್ ಅಥವಾ ಬ್ಯಾಟರಿಯ ತೊಂದರೆ: 65 ವ್ಯಾಟ್ ಕೇಳುವ ಯಂತ್ರಕ್ಕೆ 45 ವ್ಯಾಟ್‌ನ ಅಡಾಪ್ಟರ್ ಚುಚ್ಚಿದಾಗ, ಅಥವಾ ಅಡಾಪ್ಟರನ್ನು ಯಂತ್ರ ಗುರುತಿಸದಿದ್ದಾಗ ಹೀಗಾಗುತ್ತದೆ. ಉಷ್ಣತೆಯೂ ಸರಿಯಿದ್ದು, ವೇಗವೂ ಸರಿಯಿದ್ದು, ಆದರೂ ಯಂತ್ರ ಮುಂದಕ್ಕೆ ಹೋಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಮತ್ತು ಮೆಮೊರಿಯ ಕಡೆ ನೋಡಿ. ಹಳೆಯ ಹಾರ್ಡ್ ಡಿಸ್ಕ್ 100 ಶೇಕಡಾ ತೋರಿಸುತ್ತ ಒದ್ದಾಡುತ್ತಿರುತ್ತದೆ. ಈ ಎರಡು ಮತ್ತು ಮೂರನೆಯ ಬಗೆಯ ಯಂತ್ರಗಳಿಗೆ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಬದಲಿಸಿದರೂ ಅಷ್ಟೆ, ಬದಲಿಸದಿದ್ದರೂ ಅಷ್ಟೆ.

ಮಂಡಿಯ ಯಂತ್ರದಲ್ಲಿ ಗರಿಷ್ಠ ಉಷ್ಣತೆ 98, ಹತ್ತನೆಯ ನಿಮಿಷದ ವೇಗ 1.1 ಗಿಗಾಹರ್ಟ್ಸ್ ಬಂತು. ಮೊದಲ ಬಗೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ನಮ್ಮ ಕಡೆ ಕರೆಂಟಿನ ವೋಲ್ಟೇಜ್ ಸಂಜೆ ಕುಸಿಯುವುದರಿಂದ ಲ್ಯಾಪ್‌ಟಾಪ್ ಕಾಯುತ್ತದೆ ಎಂಬ ಮಾತನ್ನು ಬಹಳ ಜನ ಹೇಳುತ್ತಾರೆ. ಅಡಾಪ್ಟರ್‌ನ ಬೆನ್ನ ಮೇಲಿನ ಸಣ್ಣಕ್ಷರ ಓದಿ ನೋಡಿ: ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. 170 ವೋಲ್ಟ್ ಬಂದರೂ ಅದು ಯಂತ್ರಕ್ಕೆ ಕೊಡಬೇಕಾದ ವೋಲ್ಟೇಜನ್ನೇ ಕೊಡುತ್ತದೆ.

ಎರಡನೆಯ ಹೆಜ್ಜೆ: ಕೋಣೆ, ಹಾಸಿಗೆ, ಬ್ಯಾಗು

ಲ್ಯಾಪ್‌ಟಾಪ್‌ನ ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಕೋಣೆಯಲ್ಲಿರುವ ಗಾಳಿಯನ್ನೇ ಒಳಗೆಳೆದು ಹೊರಗೆ ಬಿಡುತ್ತದೆ. ಆದ್ದರಿಂದ ಕೋಣೆ ಹತ್ತು ಡಿಗ್ರಿ ಹೆಚ್ಚು ಕಾದಿದ್ದರೆ ಪ್ರೊಸೆಸರ್ ಕೂಡ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಹತ್ತು ಡಿಗ್ರಿ ಹೆಚ್ಚು ಕಾಯುತ್ತದೆ. ಬೆಳಿಗ್ಗೆ 26 ಡಿಗ್ರಿ ಇದ್ದ ಶೀಟಿನ ಮಾಡಿನ ಕೋಣೆ ಮಧ್ಯಾಹ್ನ ಎರಡಕ್ಕೆ 37 ಆಗಿದ್ದರೆ, ಕುದುರೆ ಕತ್ತೆಯಾದದ್ದಕ್ಕೆ ಅರ್ಧ ಕಾರಣ ಅಲ್ಲಿಯೇ ಸಿಕ್ಕಿತು. ಪಾವಗಡ, ಶಿರಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಕಷ್ಟ: ಹಗಲೆಲ್ಲ ಬಿಸಿಲು ಕುಡಿದ ತಾರಸಿ ರಾತ್ರಿ ಹತ್ತರವರೆಗೂ ಕೋಣೆಯೊಳಗೆ ಬಿಸಿ ಉಗುಳುತ್ತಿರುತ್ತದೆ. ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸವನ್ನು ಮುಂಜಾನೆಗೆ ಇಟ್ಟುಕೊಳ್ಳುವುದು, ಯಂತ್ರವನ್ನು ಕೆಳಮನೆಗೆ ಒಯ್ಯುವುದು ಇವು ಖರ್ಚಿಲ್ಲದ ಪರಿಹಾರಗಳು.

ಬಹುತೇಕ ಯಂತ್ರಗಳು ಗಾಳಿ ಎಳೆಯುವುದು ಕೆಳಭಾಗದ ಕಿಂಡಿಗಳಿಂದ. ಹಾಸಿಗೆ, ದಿಂಬು, ಕಂಬಳಿಯ ಮೇಲಿಟ್ಟರೆ ಆ ಕಿಂಡಿಗಳು ಮುಚ್ಚಿಹೋಗುವುದಲ್ಲದೆ ಬಟ್ಟೆಯ ನವಿರು ಎಳೆಗಳು ಒಳಗೆ ಸೇರುತ್ತವೆ. ಗಟ್ಟಿ ಮೇಜಿನ ಮೇಲಿಟ್ಟು, ಹಿಂಭಾಗದ ರಬ್ಬರ್ ಕಾಲುಗಳ ಅಡಿಗೆ ನೀರಿನ ಬಾಟಲಿಯ ಎರಡು ಮುಚ್ಚಳ ಕೊಟ್ಟು ನೋಡಿ. ಇಷ್ಟರಿಂದಲೇ ನನ್ನ ಸ್ವಂತ ಯಂತ್ರದಲ್ಲಿ ನಾಲ್ಕು ಡಿಗ್ರಿ ಇಳಿಯಿತು. ಫ್ಯಾನಿರುವ ಕೂಲಿಂಗ್ ಪ್ಯಾಡ್‌ಗಳೂ ಮಾಡುವುದು ಸುಮಾರಾಗಿ ಇದೇ ಕೆಲಸವನ್ನು. ಕೆಳಭಾಗದಲ್ಲಿ ಕಿಂಡಿಯೇ ಇಲ್ಲದ ಯಂತ್ರಕ್ಕೆ ಅವುಗಳಿಂದ ಸಿಗುವ ಲಾಭ ಅತ್ಯಲ್ಪ. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಯಂತ್ರ ಇಟ್ಟವರನ್ನೂ, ಫ್ರಿಜ್ಜಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದವರನ್ನೂ ನಾನು ಕಂಡಿದ್ದೇನೆ. ಫ್ರಿಜ್ಜಿನಿಂದ ಹೊರತೆಗೆದ ತಣ್ಣನೆಯ ಲೋಹದ ಮೇಲೆ ಕೋಣೆಯ ಗಾಳಿಯ ತೇವ ಹನಿಗಟ್ಟುತ್ತದೆ, ಆ ಹನಿ ಬೋರ್ಡಿನ ಮೇಲೂ ಬೀಳುತ್ತದೆ. ಇವೆರಡನ್ನೂ ಮಾಡಬಾರದು.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ಇನ್ನೊಂದು ಅನುಭವವನ್ನು ಹೇಳುತ್ತಾರೆ: ತುಮಕೂರಿನಲ್ಲಿ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಯಶವಂತಪುರದಲ್ಲಿ ಇಳಿಯುವಾಗ ಬೆನ್ನು ಸುಡುತ್ತಿರುತ್ತದೆ. ಹೊಸ ವಿಂಡೋಸ್ ಯಂತ್ರಗಳಲ್ಲಿ ಸ್ಲೀಪ್ ಎಂದರೆ ಪೂರ್ತಿ ನಿದ್ದೆಯಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ವ್ಯವಸ್ಥೆಯಲ್ಲಿ ಯಂತ್ರವು ಆಗಾಗ ಎಚ್ಚರಗೊಂಡು ಮೇಲ್ ನೋಡುವುದು, ಅಪ್‌ಡೇಟ್ ಮಾಡಿಕೊಳ್ಳುವುದು ಇತ್ಯಾದಿ ನಡೆಸುತ್ತಿರುತ್ತದೆ. ಗಾಳಿಯಾಡದ ಬ್ಯಾಗಿನೊಳಗೆ ಅದು ಬ್ಯಾಟರಿಗೂ ಕೆಟ್ಟದ್ದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದಾಗ ಏನು ಮಾಡಬೇಕೆಂಬ ಕಡೆ ಸ್ಲೀಪ್ ಬದಲು ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಪೂರ್ತಿ ಆಫ್ ಆಗುವುದು) ಆರಿಸಿ. ಹೈಬರ್ನೇಟ್ ಕಾಣದಿದ್ದರೆ ಬ್ಯಾಗಿಗೆ ಹಾಕುವ ಮೊದಲು ಶಟ್ ಡೌನ್ ಮಾಡುವುದನ್ನು ರೂಢಿಸಿಕೊಳ್ಳಿ.

ಮೂರನೆಯ ಹೆಜ್ಜೆ: ತಂತ್ರಾಂಶ

ಟಾಸ್ಕ್ ಮ್ಯಾನೇಜರ್‌ನ ಪ್ರಾಸೆಸಸ್ ಪುಟದಲ್ಲಿ ಸಿಪಿಯು ಎಂಬ ತಲೆಬರಹ ಒತ್ತಿದರೆ ಹೆಚ್ಚು ದುಡಿಸುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಗಂಟೆ ಹಿನ್ನೆಲೆಯಲ್ಲಿ ಕೆಲಸ ನಡೆಯುವುದು ಸಹಜ, ಅದನ್ನು ಮುಗಿಯಲು ಬಿಡಿ. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ನೀವು ಏನೂ ಮಾಡದೆ ಕುಳಿತಿರುವಾಗಲೂ ಹೆಸರು ಗೊತ್ತಿಲ್ಲದ ಪ್ರೋಗ್ರಾಂ ಒಂದು ಪ್ರೊಸೆಸರ್‌ನ ಬಹುಪಾಲನ್ನು ನುಂಗುತ್ತಿದ್ದರೆ ಪೂರ್ಣ ವೈರಸ್ ಸ್ಕ್ಯಾನ್ ಮಾಡಿಸಿ. ಕದ್ದುಮುಚ್ಚಿ ಕ್ರಿಪ್ಟೊ ಗಣಿಗಾರಿಕೆ ನಡೆಸುವ ತಂತ್ರಾಂಶಗಳು ಯಂತ್ರವನ್ನು ಹೀಗೆಯೇ ಕಾಯಿಸುತ್ತವೆ.

ಇದಾದ ಮೇಲೆ, ಬಿಚ್ಚದೆಯೇ ಬಿಸಿ ಇಳಿಸುವ ಉಪಾಯಗಳಲ್ಲಿ ನಾನು ಹೆಚ್ಚು ನೆಚ್ಚಿರುವುದು ಒಂದು. ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಎಂಬುದರ ಕೆಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂದಿರುತ್ತದೆ. ಅಲ್ಲಿರುವ 100ನ್ನು 99 ಮಾಡಿದರೆ ಸಾಮಾನ್ಯವಾಗಿ ಟರ್ಬೊ ನಿಂತುಹೋಗುತ್ತದೆ. ಒಂದೇ ಶೇಕಡಾ ಇಳಿಸಿದಂತೆ ಕಂಡರೂ, ಮಂಡಿಯ ಯಂತ್ರದಂಥದ್ದು 3.4 ಗಿಗಾಹರ್ಟ್ಸ್‌ಗೆ ನೆಗೆಯುವುದನ್ನು ಬಿಟ್ಟು 1.6ರ ಆಸುಪಾಸಿನಲ್ಲಿ ಸಮನಾಗಿ ಓಡುತ್ತದೆ, ಬಿಸಿ ಕೂಡಲೇ ಇಳಿಯುತ್ತದೆ. ಬಿಲ್ ಬರೆಯುವುದಕ್ಕೆ, ಆನ್‌ಲೈನ್ ಪಾಠ ಕೇಳುವುದಕ್ಕೆ ಅಷ್ಟು ವೇಗ ಧಾರಾಳ ಸಾಕು. ವಿಡಿಯೊ ಎಡಿಟಿಂಗ್ ಮಾಡುವವರಿಗೆ ಸಾಲದು. ಬೇಸಗೆಗೆಂದೇ ಬೇರೊಂದು ಪವರ್ ಪ್ಲಾನ್ ಮಾಡಿಟ್ಟುಕೊಂಡರೆ ಬೇಕಾದಾಗ ಬದಲಿಸಬಹುದು. ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆ ಮರೆಯಾಗಿರುತ್ತದೆ. ಅಂಥವುಗಳಲ್ಲಿ ತಯಾರಕರೇ ಕೊಟ್ಟಿರುವ 'ಕ್ವೈಟ್' ಅಥವಾ 'ಕೂಲ್' ಎಂಬ ಫ್ಯಾನ್ ವಿಧಾನವನ್ನು ಆರಿಸಬಹುದು.

ಅಂಡರ್‌ವೋಲ್ಟಿಂಗ್ ಬಗ್ಗೆ, ಅಂದರೆ ವೇಗ ಹಾಗೆಯೇ ಇಟ್ಟು ವೋಲ್ಟೇಜ್ ಮಾತ್ರ ತಗ್ಗಿಸುವ ಕ್ರಮದ ಬಗ್ಗೆ, ಹಳೆಯ ವಿಡಿಯೊಗಳು ಬಹಳ ಇವೆ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಹಿರಂಗವಾದ ಮೇಲೆ ಬಯಾಸ್ ಎಂಬ ಫರ್ಮ್‌ವೇರ್‌ನ ಅಪ್‌ಡೇಟ್‌ಗಳ ಮೂಲಕ ಈ ದಾರಿಯನ್ನು ಅನೇಕ ಯಂತ್ರಗಳಲ್ಲಿ ಮುಚ್ಚಲಾಯಿತು. ಮುಚ್ಚಿರುವ ಬಾಗಿಲನ್ನು ಹಳೆಯ ಬಯಾಸ್ ಹಾಕಿ ತೆರೆಯುವ ಸಾಹಸ ಮಾಡಬೇಡಿ.

ನಾಲ್ಕನೆಯ ಹೆಜ್ಜೆ: ಧೂಳು

ಇಷ್ಟೆಲ್ಲ ಆದ ಮೇಲೂ ಉಷ್ಣತೆ ಮಿತಿ ಮುಟ್ಟುತ್ತಿದ್ದರೆ ಬಿಚ್ಚುವ ಕಾಲ ಬಂತು. ವಾರಂಟಿ ಉಳಿದಿದ್ದರೆ ಮೊದಲು ಅಧಿಕೃತ ಸರ್ವಿಸ್ ಕೇಂದ್ರದವರನ್ನು ಕೇಳಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಯಂತ್ರ ಮೇಜಿನ ಮೇಲೆ ಸಮನಾಗಿ ಕೂರದೆ ಅಲ್ಲಾಡುತ್ತಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅದಕ್ಕೆ ಚೂಪಾದದ್ದು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದಾದ್ದರಿಂದ ಅಲ್ಲಿಗೇ ನಿಲ್ಲಿಸಿ, ಚಾರ್ಜ್ ಮಾಡದೆ, ಅನುಭವಸ್ಥರಿಗೆ ಒಪ್ಪಿಸಿ.

ಇಲ್ಲವಾದರೆ ಯಂತ್ರವನ್ನು ಶಟ್ ಡೌನ್ ಮಾಡಿ, ಚಾರ್ಜರ್ ತೆಗೆದು, ಮಗುಚಿ ಹಾಕಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಒಂದು ಹಾಳೆಯ ಮೇಲೆ ಯಂತ್ರದ ಆಕಾರ ಬರೆದು, ಯಾವ ಜಾಗದ ಸ್ಕ್ರೂ ಆ ಜಾಗದಲ್ಲೇ ಚುಚ್ಚಿಡಿ. ತಳದ ಮುಚ್ಚಳದ ಕ್ಲಿಪ್‌ಗಳನ್ನು ಬಿಡಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಒಳಗಿನದಕ್ಕೆ ಕೈ ಹಾಕುವ ಮೊದಲು ಯಾವುದಾದರೂ ಲೋಹದ ಕಿಟಕಿ ಸರಳು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ.

ಮಂಡಿಯ ಯಂತ್ರವನ್ನು ತೆರೆದಾಗ ಹೊರನೋಟಕ್ಕೆ ಎಲ್ಲವೂ ಚೊಕ್ಕಟವಾಗಿಯೇ ಇತ್ತು. ಫ್ಯಾನಿನ ಮೇಲಿನ ತಗಡನ್ನು ಬಿಡಿಸಿದ ಮೇಲೆ ಗುಟ್ಟು ಬಯಲಾಯಿತು. ಫ್ಯಾನಿಗೂ ಪ್ರೊಸೆಸರ್‌ನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ಭಾಗವಾದ ಹೀಟ್‌ಸಿಂಕ್‌ನ ಹಲ್ಲುಗಳಿಗೂ ನಡುವೆ ತೆಂಗಿನ ನಾರಿನ ಪುಡಿ, ಗೋಣಿಚೀಲದ ಎಳೆ, ಧೂಳು ಎಲ್ಲವೂ ಹೆಣೆದುಕೊಂಡು, ಬೆರಳಗಲದ ಕಂಬಳಿಯ ತುಂಡಿನಂತೆ ಕುಳಿತಿತ್ತು. ಚಿಮುಟದಿಂದ ಒಂದು ತುದಿ ಹಿಡಿದೆಳೆದರೆ ಅಖಂಡವಾಗಿ ಎದ್ದು ಬಂತು. ಫ್ಯಾನ್ ಜೋರಾಗಿ ಸದ್ದು ಮಾಡುತ್ತಲೇ ಇದ್ದರೂ ಹಿಂದಿನ ಕಿಂಡಿಯಲ್ಲಿ ಕೈಯಿಟ್ಟರೆ ಗಾಳಿಯೇ ಬರುತ್ತಿರಲಿಲ್ಲವೇಕೆ ಎಂಬುದಕ್ಕೆ ಉತ್ತರ ಅದರಲ್ಲಿತ್ತು. ಹೊರಗಿನಿಂದ ಗಾಳಿ ಊದಿದ್ದರೆ ಈ ಕಂಬಳಿ ಸ್ವಲ್ಪ ಹಿಂದೆ ಸರಿದು, ಎರಡು ದಿನಕ್ಕೆ ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತು.

ಉಳಿದ ಧೂಳನ್ನು ಮೆತ್ತನೆಯ ಬ್ರಷ್ ಮತ್ತು ಕೈ ಬ್ಲೋವರ್‌ನಿಂದ ತೆಗೆಯಿರಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಹಲ್ಲುಕಡ್ಡಿಯಿಂದ ತಡೆದು ಹಿಡಿಯಬೇಕು. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಹೊಡೆಸಿಕೊಂಡು ಬರುವುದು ನಮ್ಮ ಊರುಗಳಲ್ಲಿ ಬಹಳ ಇದೆ. ಆ ಗಾಳಿಯಲ್ಲಿ ನೀರಿನ ಹನಿಯೂ ಎಣ್ಣೆಯ ಅಂಶವೂ ಇರಬಹುದು, ಒತ್ತಡವೂ ಅತಿಯಾಯಿತು. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಸ್ಥಾಯೀ ವಿದ್ಯುತ್ತಿನ ಕಾರಣದಿಂದ ಬೇಡ. ಕ್ರಷರ್, ಕ್ವಾರಿ, ಕಾಯಿ ನಾರಿನ ಘಟಕ, ಡಾಂಬರಾಗದ ರಸ್ತೆ ಇವುಗಳ ಬದಿಯಲ್ಲಿರುವವರು ಆರು ತಿಂಗಳಿಗೊಮ್ಮೆ ಈ ಕೆಲಸ ಮಾಡಬೇಕಾಗುತ್ತದೆ. ಉಳಿದವರಿಗೆ ವರ್ಷಕ್ಕೊಮ್ಮೆ ತೆರೆದು ನೋಡಿದರೆ ಸಾಕು.

ಐದನೆಯ ಹೆಜ್ಜೆ: ಥರ್ಮಲ್ ಪೇಸ್ಟ್

ಧೂಳು ತೆಗೆದ ಮೇಲೆ ಮತ್ತೆ ಅಳೆಯಿರಿ. ಮಂಡಿಯ ಯಂತ್ರದಲ್ಲಿ ಇಷ್ಟರಿಂದಲೇ ಗರಿಷ್ಠ ಉಷ್ಣತೆ 98ರಿಂದ 88ಕ್ಕೆ ಇಳಿದಿತ್ತು. ಅವಸರಪಟ್ಟು ಪೇಸ್ಟನ್ನೂ ಅದೇ ಸಲ ಬದಲಿಸಿದ್ದರೆ ಯಾವುದರಿಂದ ಎಷ್ಟು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಯಂತ್ರಕ್ಕೆ ನಾಲ್ಕೈದು ವರ್ಷವಾಗಿದ್ದು ಬಿಸಿ ಇನ್ನೂ ಹೆಚ್ಚೆನಿಸಿದರೆ ಮಾತ್ರ ಹೀಟ್‌ಸಿಂಕ್ ಬಿಚ್ಚಿ.

ಹೀಟ್‌ಸಿಂಕ್‌ನ ಸ್ಕ್ರೂಗಳ ಪಕ್ಕದಲ್ಲಿ ಸಾಮಾನ್ಯವಾಗಿ 1, 2, 3, 4 ಎಂದು ಕೆತ್ತಿರುತ್ತದೆ. ಬಿಗಿಮಾಡುವಾಗ ಅದೇ ಕ್ರಮದಲ್ಲಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಬೇಕು. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಪ್ರೊಸೆಸರ್‌ನ ಸಿಲಿಕಾನ್ ಮೂಲೆ ಚಕ್ಕೆಯೇಳಬಹುದು. ಹಳೆಯ ಪೇಸ್ಟ್ ಒಣಗಿದ ಸುಣ್ಣದಂತೆ ಉದುರುತ್ತಿದ್ದರೆ ಅದರ ಕಾಲ ಮುಗಿದಿದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕನ್ನಡಕ ಒರೆಸುವ ಬಟ್ಟೆಯ ತುದಿ ಅದ್ದಿ ಒರೆಸಿ. ಔಷಧಿ ಅಂಗಡಿಯ 70 ಶೇಕಡಾದ್ದರಲ್ಲಿ ನೀರು ಹೆಚ್ಚು. ಥಿನ್ನರ್, ಪೆಟ್ರೋಲ್ ಮುಟ್ಟಿಸಲೇಬಾರದು. ಹೊಸ ಪೇಸ್ಟ್ ತೊಗರಿ ಬೇಳೆಯಷ್ಟು ಸಾಕು, ಆದರೆ ಲ್ಯಾಪ್‌ಟಾಪ್‌ಗಳಲ್ಲಿ ಸಿಲಿಕಾನ್ ಮೇಲೆ ಲೋಹದ ಹೊದಿಕೆ ಇರುವುದಿಲ್ಲವಾದ್ದರಿಂದ ಅದು ಮೂಲೆಮೂಲೆಗೂ ತೆಳ್ಳಗೆ ಹರಡಿರಬೇಕು. ಪಕ್ಕದ ಚಿಪ್‌ಗಳ ಮೇಲೆ ರಬ್ಬರಿನಂತೆ ಕಾಣುವ ಥರ್ಮಲ್ ಪ್ಯಾಡ್‌ಗಳಿದ್ದರೆ ಅಲ್ಲಿಗೆ ಪೇಸ್ಟ್ ಹಚ್ಚಬೇಡಿ. ಹರಿದಿದ್ದರೆ ಅದೇ ದಪ್ಪದ ಪ್ಯಾಡನ್ನೇ ಹಾಕಬೇಕು, ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಹೀಟ್‌ಸಿಂಕ್ ಪ್ರೊಸೆಸರ್‌ನಿಂದ ಎದ್ದು ನಿಲ್ಲುತ್ತದೆ. ಪೇಸ್ಟಿನ ಬದಲು ಹಚ್ಚುವ ಲಿಕ್ವಿಡ್ ಮೆಟಲ್ ಎಂಬುದರ ಹತ್ತಿರ ಹೋಗಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಒಂದು ಹನಿ ಬೋರ್ಡಿಗೆ ಜಾರಿದರೆ ಶಾರ್ಟ್ ಆಗುತ್ತದೆ.

ಫ್ಯಾನ್ ಕರಕರ ಎನ್ನುತ್ತಿದ್ದರೆ ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ನಾಲ್ಕು ದಿನದ ಉಪಚಾರವಷ್ಟೆ, ಬದಲಿಸುವುದೇ ಲೇಸು. ಫ್ಯಾನಿನ ಬೆನ್ನ ಮೇಲೆ ಅಂಟಿಸಿರುವ ಚೀಟಿಯಲ್ಲಿನ ನಂಬರಿನ ಫೋಟೊ ತೆಗೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಬೇಗ ಸಿಗುತ್ತದೆ. ಲ್ಯಾಪ್‌ಟಾಪ್‌ನ ಹೆಸರು ಮಾತ್ರ ಹೇಳಿದರೆ ತಪ್ಪು ಫ್ಯಾನ್ ಬರುವ ಸಂಭವವೇ ಹೆಚ್ಚು. ಆನ್ ಮಾಡಿದ ಒಂದೆರಡು ನಿಮಿಷಕ್ಕೇ ಆಫ್ ಆಗುವ ಯಂತ್ರ, ನೀರು ಬಿದ್ದ ಯಂತ್ರ, ಹೀಟ್‌ಸಿಂಕ್‌ನ ತಾಮ್ರದ ಕೊಳವೆ ಬಾಗಿರುವ ಯಂತ್ರ ಇವನ್ನು ಮನೆಯಲ್ಲಿ ಕೆದಕದೆ ಅಂಗಡಿಗೇ ಕೊಡಿ. ಕೊಡುವಾಗ ಅಳತೆಯ ಕಾಗದವನ್ನೂ ಕೊಟ್ಟು, ಹಿಂದಕ್ಕೆ ಪಡೆಯುವಾಗ ಅದೇ ಪರೀಕ್ಷೆಯನ್ನು ಹತ್ತು ನಿಮಿಷ ನಿಮ್ಮ ಎದುರಿಗೇ ಓಡಿಸಿ ತೋರಿಸಲು ಕೇಳಿ. ಅದಕ್ಕೆ ಬೇಸರಿಸುವವರ ಕೈಗೆ ಯಂತ್ರ ಕೊಡದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪೇಸ್ಟ್ ಬದಲಿಸಿದ ಮೇಲೆ ಮಂಡಿಯ ಯಂತ್ರ 36 ಡಿಗ್ರಿಯ ಕೋಣೆಯಲ್ಲಿ 82ಕ್ಕಿಂತ ಮೇಲೇರಲಿಲ್ಲ, ಹತ್ತನೆಯ ನಿಮಿಷದಲ್ಲಿ 2.3 ಗಿಗಾಹರ್ಟ್ಸ್ ತೋರಿಸಿತು. ದಿನಾಂಕ ಮತ್ತು ಈ ಮೂರು ಅಂಕಿಗಳನ್ನು ಚಿಕ್ಕ ಚೀಟಿಯಲ್ಲಿ ಬರೆದು ಕಿಂಡಿಗಳಿಗೆ ಅಡ್ಡವಾಗದಂತೆ ಅದರ ತಳಕ್ಕೆ ಅಂಟಿಸಿ ಕೊಟ್ಟೆ. ಯಜಮಾನರು ಅದನ್ನು ಗೋಣಿಚೀಲಗಳ ಪಕ್ಕದ ಸ್ಟೂಲಿನಿಂದ ಎತ್ತಿ, ಕಿಟಕಿಯ ಬಳಿಯ ಮೇಜಿಗೆ ಸಾಗಿಸಿದ್ದಾರೆ. ಮುಂದಿನ ಸಲ ತೆರೆಯಬೇಕಾದ ತಿಂಗಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ಗುರುತು ಬಿದ್ದಿದೆ.